ಅಂಚಿನಲ್ಲಿದ್ದ ಅರ್ಧ ಕೈ ಅಳಿಸಿದರೆ ಏನು ತಪ್ಪು?

ಪ್ರಶ್ನೆ: ನಾನು ಮದುವೆ, ಸಮಾರಂಭಗಳ ಫೋಟೊ ತೆಗೆದು ಜೀವನ ಮಾಡುತ್ತಿದ್ದೇನೆ. ಈಚೆಗೆ ಒಂದು ಸುದ್ದಿ ಜಾಲತಾಣಕ್ಕೂ ಫೋಟೊ ಕಳಿಸುತ್ತಿದ್ದೇನೆ. ಒಂದು ಪ್ರತಿಭಟನೆಯ ಫೋಟೊದ ಅಂಚಿನಲ್ಲಿ ಯಾರದೋ ಅರ್ಧ ಕೈ ಬಂದಿತ್ತು. ಅಳಿಸಿ ಕಳಿಸಿದೆ. ‘ಇನ್ನೊಮ್ಮೆ ಹೀಗೆ ಮಾಡಿದರೆ ನಿಮ್ಮ ಫೋಟೊ ತಗೊಳ್ಳಲ್ಲ’ ಎಂದು ಡೆಸ್ಕಿನವರು ರೇಗಿದರು. ಒಂದು ಕೈಗೆ ಇಷ್ಟು ರಾದ್ಧಾಂತ ಯಾಕೆ? ಎರಡನೆಯದು, ಕಣ್ಣೆದುರು ಯಾರಾದರೂ ಅಪಾಯದಲ್ಲಿದ್ದರೆ ಫೋಟೊ ತೆಗೆಯಬೇಕೋ, ಸಹಾಯ ಮಾಡಬೇಕೋ? ಕೊನೆಯದು, ಎಲ್ಲರ ಕೈಯಲ್ಲೂ ಫೋನ್ ಇದೆ, ಈಗ ಎಐ ಬೇರೆ ಬಂದಿದೆ. ಈ ಕೆಲಸ ನಂಬಿಕೊಂಡು ಮದುವೆ ಕೆಲಸ ಬಿಡಬಹುದೇ? ಬಿಡುವುದಾದರೆ ಯಾವ ಕ್ಯಾಮೆರಾ ಕೊಳ್ಳಲಿ?

ಉತ್ತರ:

ಡೆಸ್ಕಿನವರು ನಿಮಗೆ ಉಪಕಾರವನ್ನೇ ಮಾಡಿದ್ದಾರೆ. ಬೈದು ಬಿಟ್ಟಿದ್ದಾರೆ, ಅಷ್ಟೆ. ದೊಡ್ಡ ಸುದ್ದಿಸಂಸ್ಥೆಯಾಗಿದ್ದರೆ ಅಲ್ಲಿಗೆ ನಿಮ್ಮ ಲೆಕ್ಕ ಚುಕ್ತಾ ಆಗಿಬಿಡಬಹುದಿತ್ತು.

ಸುಮ್ನೆ ಹೆದರಿಸಲು ಹೇಳುತ್ತಿಲ್ಲ. ಸಿರಿಯಾ ಯುದ್ಧದ ಫೋಟೊಗಳಿಗಾಗಿ 2013ರಲ್ಲಿ ಅಮೆರಿಕದ ಸುದ್ದಿಸಂಸ್ಥೆ ಎಪಿಯ ಐವರಿಗೆ ಪುಲಿಟ್ಜರ್ ಪ್ರಶಸ್ತಿ ಬಂತು. ಅವರಲ್ಲಿ ನಾರ್ಸಿಸೊ ಕಾಂಟ್ರೆರಾಸ್ ಒಬ್ಬರು. ಅದೇ ಯುದ್ಧದ ಇನ್ನೊಂದು ಫೋಟೊದ ಮೂಲೆಯಲ್ಲಿ ಸಹೋದ್ಯೋಗಿಯೊಬ್ಬರ ವಿಡಿಯೊ ಕ್ಯಾಮೆರಾ ಕಾಣುತ್ತಿತ್ತು. ಅದನ್ನು ಅಳಿಸಿ ಕಳಿಸಿದ್ದರು. ಆಮೇಲೆ ತಾವೇ ಸಂಪಾದಕರಿಗೆ ವಿಷಯ ತಿಳಿಸಿದರು. 2014ರ ಜನವರಿಯಲ್ಲಿ ಎಪಿ ಅವರ ಜೊತೆಗಿನ ಸಂಬಂಧ ಕಡಿದುಕೊಂಡಿತು. ಅವರ ಇನ್ನೂ ನೂರಾರು ಫೋಟೊಗಳನ್ನು ತಿರುವಿ ನೋಡಿದರು, ಬೇರೆ ಯಾವುದರಲ್ಲೂ ತಪ್ಪು ಸಿಗಲಿಲ್ಲ. ಆದರೂ ತೀರ್ಮಾನ ಬದಲಾಗಲಿಲ್ಲ.

ನಿಮ್ಮ ಪ್ರಕರಣಕ್ಕೆ ಇನ್ನೂ ಹತ್ತಿರದ್ದು ಸ್ಟೆಪಾನ್ ರುಡಿಕ್ ಅವರದು. 2010ರ ವರ್ಲ್ಡ್ ಪ್ರೆಸ್ ಫೋಟೊ ಸ್ಪರ್ಧೆಯಲ್ಲಿ ಅವರಿಗೆ ಬಹುಮಾನ ಬಂದಿತ್ತು. ಒಬ್ಬನ ಕೈಗೆ ಪಟ್ಟಿ ಸುತ್ತುತ್ತಿರುವ ಚಿತ್ರ. ಮೂಲ ಫೋಟೊ ಬಣ್ಣದ್ದು, ಬಹಳ ಅಗಲವಾದದ್ದು. ಅದನ್ನು ಸಿಕ್ಕಾಪಟ್ಟೆ ಕ್ರಾಪ್ ಮಾಡಿ, ಕಪ್ಪುಬಿಳುಪು ಮಾಡಿ ಕಳಿಸಿದ್ದರು. ತೀರ್ಪುಗಾರರು ಅದಕ್ಕೆಲ್ಲ ತಕರಾರು ಮಾಡಲಿಲ್ಲ. ಬಹುಮಾನ ಹೋಗಿದ್ದು ಹಿನ್ನೆಲೆಯಲ್ಲಿ ಇಣುಕುತ್ತಿದ್ದ ಯಾರದೋ ಪಾದದ ಒಂದು ಚೂರನ್ನು ಅಳಿಸಿದ್ದಕ್ಕೆ.

ವಿಚಿತ್ರ ಅನಿಸುತ್ತದೆ, ಅಲ್ವಾ? ಕ್ರಾಪ್ ಮಾಡಿ ಅರ್ಧ ಬೀದಿಯನ್ನೇ ಹೊರಗೆ ಹಾಕಬಹುದು, ಪಾದದ ತುದಿ ಮುಟ್ಟುವಂತಿಲ್ಲ. ಇದರ ಹಿಂದೆ ಒಂದು ತರ್ಕ ಇದೆ. ಚೌಕಟ್ಟು ಅಂದರೆ ‘ನಾನು ಇಲ್ಲಿಂದ ಇಲ್ಲಿಯವರೆಗೆ ತೋರಿಸುತ್ತೇನೆ’ ಎಂಬ ಆಯ್ಕೆ. ಅಂಥದ್ದೊಂದು ಆಯ್ಕೆ ಇದೆ ಎಂದು ನೋಡುವವರಿಗೂ ಗೊತ್ತು. ಆದರೆ ಚೌಕಟ್ಟಿನ ಒಳಗೆ ಇರುವುದೆಲ್ಲ ಆ ಕ್ಷಣದಲ್ಲಿ ಅಲ್ಲಿ ಇತ್ತು ಎಂದು ಅವರು ನಂಬುತ್ತಾರೆ. ಅಳಿಸುವ ಬ್ರಷ್ ಆ ನಂಬಿಕೆಯನ್ನು ಮುರಿಯುತ್ತದೆ. ಮುಖ್ಯವಲ್ಲದ್ದನ್ನು ಮಾತ್ರ ಅಳಿಸಿದೆ ಎಂದು ನೀವು ಹೇಳಬಹುದು. ಯಾವುದು ಮುಖ್ಯ ಎಂದು ತೀರ್ಮಾನಿಸಿದವರು ಯಾರು? ನೀವೇ. ಅದನ್ನು ಯಾರೂ ಪರೀಕ್ಷಿಸಲು ಬರುವುದಿಲ್ಲ. ತೊಂದರೆ ಇರುವುದೇ ಅಲ್ಲಿ.

ಇದು ಕಂಪ್ಯೂಟರ್ ತಂದ ರೋಗವೇನಲ್ಲ. ಡೊರೊಥಿಯಾ ಲ್ಯಾಂಗ್ 1936ರಲ್ಲಿ ಸರ್ಕಾರಿ ಯೋಜನೆಯೊಂದಕ್ಕಾಗಿ ಅಮೆರಿಕದ ವಲಸೆ ಕೂಲಿ ತಾಯಿಯೊಬ್ಬಳ ಫೋಟೊ ತೆಗೆದರು. ಆ ಕಾಲದ ಬಡತನ ಅಂದರೆ ಇವತ್ತಿಗೂ ಜನರ ಕಣ್ಣಿಗೆ ಬರುವುದು ಅದೇ ಚಿತ್ರ. ಅದರ ಬಲಮೂಲೆಯಲ್ಲಿ ಡೇರೆಯ ಕಂಬ ಹಿಡಿದ ಒಂದು ಹೆಬ್ಬೆರಳು ಇತ್ತು. ಮುಂದೆ ನೆಗೆಟಿವ್ ಮೇಲೆಯೇ ಅದನ್ನು ತಿದ್ದಿ ಮಸುಕು ಮಾಡಿಸಿದರು. ಆ ಸರ್ಕಾರಿ ಯೋಜನೆಯ ಮುಖ್ಯಸ್ಥ ರಾಯ್ ಸ್ಟ್ರೈಕರ್‌ಗೆ ಅದು ಹಿಡಿಸಲಿಲ್ಲ. ನಿಮ್ಮ ಡೆಸ್ಕಿನವರ ವಾದವನ್ನು ಆಗಲೇ ಒಬ್ಬರು ಮಾಡಿದ್ದರು ಎನ್ನಿ.

ಹಾಗಾದರೆ ಎಡಿಟಿಂಗ್‌ನಲ್ಲಿ ಏನು ಮಾಡಬಹುದು? ಕ್ರಾಪ್, ಬೆಳಕು ಹೆಚ್ಚು ಕಡಿಮೆ ಮಾಡುವುದು, ಬಣ್ಣದ ಸಮತೋಲನ, ಸೆನ್ಸರ್ ಮೇಲಿನ ಧೂಳಿನ ಚುಕ್ಕೆ ತೆಗೆಯುವುದು. ಇಷ್ಟಕ್ಕೆ ಬಹುತೇಕ ಕಡೆ ಅಡ್ಡಿ ಇಲ್ಲ. ಸೇರಿಸುವುದು, ಅಳಿಸುವುದು, ಜಾಗ ಬದಲಿಸುವುದು ಇಲ್ಲ. ಆದರೆ ಬೆಳಕು ಬಣ್ಣದಲ್ಲೂ ಸುಳ್ಳು ಹೇಳಬಹುದು. 1994ರ ಜೂನ್‌ನಲ್ಲಿ ಟೈಮ್ ಪತ್ರಿಕೆ, ಕೊಲೆ ಆರೋಪ ಹೊತ್ತಿದ್ದ ಕಪ್ಪುವರ್ಣೀಯ ಕ್ರೀಡಾಪಟು ಓ.ಜೆ. ಸಿಂಪ್ಸನ್ ಅವರ ಪೊಲೀಸ್ ಫೋಟೊವನ್ನು ಕಪ್ಪಾಗಿಸಿ ಮುಖಪುಟಕ್ಕೆ ಹಾಕಿತು. ಅದೇ ವಾರ ನ್ಯೂಸ್‌ವೀಕ್ ಅದೇ ಫೋಟೊವನ್ನು ಇದ್ದ ಹಾಗೇ ಹಾಕಿತ್ತು. ಎರಡೂ ಅಂಗಡಿಯಲ್ಲಿ ಪಕ್ಕಪಕ್ಕ ಕೂತಾಗ ಬೇರೆ ಪುರಾವೆ ಬೇಕಾಗಲಿಲ್ಲ. 2015ರಲ್ಲಿ ವರ್ಲ್ಡ್ ಪ್ರೆಸ್ ಫೋಟೊದವರು ಕೊನೆಯ ಹಿಂದಿನ ಸುತ್ತಿಗೆ ಬಂದ ಫೋಟೊಗಳ ಮೂಲ ಫೈಲ್ ತರಿಸಿ ನೋಡಿದರು. ಸುಮಾರು ಶೇ 20ರಷ್ಟನ್ನು ಹೊರಗೆ ಹಾಕಬೇಕಾಯಿತು. ತಿದ್ದಿದವರು ಹವ್ಯಾಸಿಗಳಲ್ಲ, ಇದೇ ಕಸುಬಿನವರು.

ಬ್ರಷ್ ಮುಟ್ಟದೆಯೂ ಮೋಸ ಮಾಡಬಹುದು. ನಿಜ ಹೇಳಬೇಕೆಂದರೆ ನನಗೆ ಅದರ ಚಿಂತೆಯೇ ಜಾಸ್ತಿ.

ಪ್ರತಿಭಟನೆಗೆ ಹೋದಾಗ ಗಮನಿಸಿ. ಕ್ಯಾಮೆರಾ ಬರುವ ತನಕ ಜನ ನೆರಳಲ್ಲಿ ಕೂತು ಹರಟುತ್ತಿರುತ್ತಾರೆ. ನಿಮ್ಮನ್ನು ಕಂಡ ಕೂಡಲೇ ಎದ್ದು, ಬ್ಯಾನರ್ ಬಿಡಿಸಿ, ಗಂಟಲು ಹರಿಯುವಂತೆ ಕೂಗುತ್ತಾರೆ. 200 ಎಂಎಂ ಲೆನ್ಸ್ ಹಾಕಿ ಬಗ್ಗಿ ತೆಗೆದರೆ ನಲವತ್ತು ಜನ ಜನಸಾಗರವಾಗುತ್ತಾರೆ. ಒಂದು ಪಿಕ್ಸೆಲ್ಲೂ ತಿದ್ದಿಲ್ಲ, ಆದರೂ ಸುಳ್ಳು. ಪರಿಹಾರ ಕಷ್ಟದ್ದಲ್ಲ. ಬೇಗ ಹೋಗಿ, ತಡವಾಗಿ ಹೊರಡಿ. ಹತ್ತಿರದ್ದು ತೆಗೆದ ಮೇಲೆ ಹಿಂದೆ ಸರಿದು, ಸಾಧ್ಯವಾದರೆ ಮೇಲೆ ಹತ್ತಿ, ಇಡೀ ಜಾಗ ಕಾಣುವ ಒಂದು ಫ್ರೇಮ್ ತೆಗೆಯಿರಿ. ಎರಡನ್ನೂ ಕಳಿಸಿ. ಡೆಸ್ಕಿನವರು ಬಿಗಿಯಾದದ್ದನ್ನೇ ಹಾಕಬಹುದು. ಆದರೆ ನಿಜವಾದ ಗಾತ್ರ ಏನು ಎಂದು ಅವರಿಗೆ ತಿಳಿದಿರುತ್ತದೆ, ನಿಮ್ಮ ಅಡಿಬರಹದಲ್ಲೂ ಅದು ಇರುತ್ತದೆ. ಉಳಿದ ಫೋಟೊಗ್ರಾಫರುಗಳು, ಮೈಕ್ ಹಿಡಿದವರು ಮುಗಿಬಿದ್ದಿದ್ದರೆ ಅವರನ್ನೂ ಒಂದು ಫ್ರೇಮಿನಲ್ಲಿ ತನ್ನಿ. ಅದೂ ಅಲ್ಲಿ ನಡೆದದ್ದೇ.

ಮದುವೆಯಲ್ಲಿ ‘ಇನ್ನೊಂದ್ಸಲ ಹಾರ ಹಾಕಿ, ಈ ಕಡೆ ನೋಡಿ’ ಅನ್ನುವುದು ನಿಮ್ಮ ಕೆಲಸದ ಭಾಗ. ಸುದ್ದಿಯಲ್ಲಿ ಆ ನಾಲಿಗೆ ಕಟ್ಟಿಹಾಕಬೇಕು. ಯಾರಿಗೂ ಮತ್ತೊಮ್ಮೆ ಮಾಡಿ ಎನ್ನಬಾರದು, ಕಣ್ಣೀರು ಬರಲಿ ಎಂದು ಕೆದಕಬಾರದು, ಪೋಸ್ ಕೊಟ್ಟವರಿಗೆ ದುಡ್ಡು ಕೊಡಬಾರದು. ಒಬ್ಬರನ್ನು ಕೂರಿಸಿ ಭಾವಚಿತ್ರ ತೆಗೆಯುವುದು ಬೇರೆ. ಅದು ಭಾವಚಿತ್ರ ಎಂದು ನೋಡಿದ ಕೂಡಲೇ ತಿಳಿಯುವಂತಿರಬೇಕು, ಅಡಿಬರಹದಲ್ಲೂ ಹಾಗೇ ಇರಬೇಕು.

ಅಡಿಬರಹ ಅಂದೆನಲ್ಲ, ಅದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ. ಹೊಸಬರು ಲೆನ್ಸ್ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ, ಅಡಿಬರಹವನ್ನು ಆಟೊದಲ್ಲಿ ಕೂತು ಫೋನಲ್ಲಿ ಕುಟ್ಟುತ್ತಾರೆ. 2015ರಲ್ಲೇ ಜಿಯೊವಾನಿ ಟ್ರೊಯಿಲೊ ಎಂಬವರಿಗೆ ಬಂದಿದ್ದ ವರ್ಲ್ಡ್ ಪ್ರೆಸ್ ಫೋಟೊದ ಮೊದಲ ಬಹುಮಾನ ವಾಪಸ್ ಹೋಯಿತು. ಬೆಲ್ಜಿಯಂನ ಶಾರ್ಲರುವಾ ಎಂಬ ಊರಿನ ಕುರಿತ ಚಿತ್ರಸರಣಿ. ಅದರಲ್ಲಿ ಒಂದು ಫೋಟೊವನ್ನು ಬ್ರಸೆಲ್ಸ್ ಪ್ರದೇಶದಲ್ಲಿ ತೆಗೆದಿದ್ದರು. ಸರಣಿಯ ಬಗ್ಗೆ ಬೇರೆ ದೂರುಗಳೂ ಇದ್ದವು. ಕೊನೆಗೆ ಬಹುಮಾನ ಕೈತಪ್ಪಿದ್ದು ಜಾಗದ ಹೆಸರು ತಪ್ಪಾಗಿದ್ದಕ್ಕೆ.

ಸುದ್ದಿಸಂಸ್ಥೆಗಳ ಅಡಿಬರಹಕ್ಕೆ ಒಂದು ಅಚ್ಚು ಇದೆ. ಮೊದಲ ವಾಕ್ಯದಲ್ಲಿ ಫೋಟೊದಲ್ಲಿ ಏನಾಗುತ್ತಿದೆ, ಯಾರು, ಎಲ್ಲಿ, ಯಾವ ದಿನ. ಎರಡನೆಯದರಲ್ಲಿ ಹಿನ್ನೆಲೆ. ವಿಶೇಷಣ ಬೇಡ. ‘ದುಃಖತಪ್ತ ಮಹಿಳೆ’ ಎಂದು ಬರೆಯುವ ಮುಂಚೆ ಅವರು ಯಾಕೆ ಅಳುತ್ತಿದ್ದಾರೆ ಎಂದು ಕೇಳಿದ್ದೀರಾ? ಹೊಗೆ ಕಣ್ಣಿಗೆ ಹೋಗಿರಬಹುದು. ಹೆಸರನ್ನು ಅವರ ಕೈಯಲ್ಲೇ ಬರೆಸಿಕೊಳ್ಳಿ. ಈ ಮಾಹಿತಿಯನ್ನು ಫೈಲಿನ ಒಳಗೇ ವಿವರ ಬರೆಯಲು ಇರುವ ಐಪಿಟಿಸಿ ಎಂಬ ಜಾಗದಲ್ಲಿ ತುಂಬಿ. ಬರೀ ಇಮೇಲಿನಲ್ಲಿ ಬರೆದರೆ ಫೋಟೊ ಎರಡು ಕೈ ದಾಟುವಷ್ಟರಲ್ಲಿ ಅನಾಥ.

ಈಗ ನಿಮ್ಮ ಎರಡನೇ ಪ್ರಶ್ನೆ. ತೆಗೆಯಬೇಕೋ, ಸಹಾಯ ಮಾಡಬೇಕೋ? ಈ ಮಾತು ಬಂದಾಗಲೆಲ್ಲ ಫೋಟೊಗ್ರಾಫರ್ ಕೆವಿನ್ ಕಾರ್ಟರ್ ಹೆಸರು ಬಂದೇ ಬರುತ್ತದೆ. 1993, ಸುಡಾನಿನ ಬರ. ಮಣ್ಣಿಗೆ ಮುಖ ಊರಿ ಕೂತ ಮಗು, ಹಿಂದೆ ಒಂದು ರಣಹದ್ದು. ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂದ ಮೇಲೆ ಮಗು ಏನಾಯಿತು ಎಂದು ಓದುಗರು ಕೇಳತೊಡಗಿದರು. ಪತ್ರಿಕೆ ಒಂದು ಟಿಪ್ಪಣಿ ಹಾಕಬೇಕಾಯಿತು. ಫೋಟೊಗ್ರಾಫರ್ ಹದ್ದನ್ನು ಓಡಿಸಿದರು, ಮಗು ಮತ್ತೆ ನಡೆಯತೊಡಗಿತು, ಆಹಾರ ಕೇಂದ್ರ ತಲುಪಿತೋ ಇಲ್ಲವೋ ತಿಳಿದಿಲ್ಲ ಎಂದು. 1994ರಲ್ಲಿ ಕಾರ್ಟರ್‌ಗೆ ಪುಲಿಟ್ಜರ್ ಬಂತು. ಅದೇ ವರ್ಷ ಅವರು ತಮ್ಮ ಜೀವ ತೆಗೆದುಕೊಂಡರು. ಆ ಒಂದು ಫೋಟೊ ಅವರನ್ನು ಕೊಂದಿತು ಎಂದು ಕಥೆ ಕಟ್ಟುವವರಿದ್ದಾರೆ. ವರ್ಷಗಟ್ಟಲೆ ಹಿಂಸೆಯ ನಡುವೆ ಕೆಲಸ, ಸಾಲ, ಗೆಳೆಯನ ಸಾವು ಎಲ್ಲ ಇತ್ತು. ಅಷ್ಟು ಸರಳ ಅಲ್ಲ.

ನನ್ನನ್ನು ಕಾಡುವುದು ಬೇರೆ ಸಂಗತಿ. 2011ರಲ್ಲಿ ಸ್ಪೇನಿನ ಎಲ್ ಮುಂಡೊ ಪತ್ರಿಕೆಯವರು ಆ ಮಗುವಿನ ಹಳ್ಳಿಗೆ ಹೋಗಿ ವಿಚಾರಿಸಿದರು. ಹೆಣ್ಣು ಮಗು ಎಂದು ಎಲ್ಲರೂ ಅಂದುಕೊಂಡಿದ್ದರು, ಅದು ಗಂಡು ಮಗು. ಆ ಬರದಲ್ಲಿ ಬದುಕುಳಿದಿದ್ದ. ಸುಮಾರು 14 ವರ್ಷಗಳ ನಂತರ ಜ್ವರದಿಂದ ತೀರಿಕೊಂಡ ಎಂದು ಮನೆಯವರು ಹೇಳಿದರು. ಫೋಟೊವನ್ನು ದೊಡ್ಡದಾಗಿ ಮಾಡಿ ನೋಡಿದರೆ ಮಗುವಿನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಪಟ್ಟಿ ಕಾಣುತ್ತದೆ. ಆಹಾರ ಕೇಂದ್ರದವರು ದಾಖಲಾದ ಮಕ್ಕಳಿಗೆ ಕಟ್ಟುತ್ತಿದ್ದ ಪಟ್ಟಿ. ಅಂದರೆ ಮಗು ಆಗಲೇ ಕೇಂದ್ರದ ಲೆಕ್ಕದಲ್ಲಿತ್ತು. ಜಗತ್ತು ಎಷ್ಟೋ ವರ್ಷ ‘ಈತ ಯಾಕೆ ಎತ್ತಿಕೊಳ್ಳಲಿಲ್ಲ’ ಎಂದು ಜಗಳವಾಡಿತು. ಉತ್ತರದ ಅರ್ಧ ಫೋಟೊದಲ್ಲೇ ಇತ್ತು, ಉಳಿದರ್ಧ ಅಡಿಬರಹದಲ್ಲಿ ಇರಬೇಕಿತ್ತು. ಕೇಂದ್ರ ಎಷ್ಟು ಹತ್ತಿರ, ಮಗುವಿನ ಹೆಸರೇನು, ಜೊತೆಗೆ ಯಾರು. ಬರಗಾಲದ ಆ ಗದ್ದಲದಲ್ಲಿ ಅದನ್ನೆಲ್ಲ ಕೇಳುವುದು ಸುಲಭ ಎನ್ನುತ್ತಿಲ್ಲ. ಕೇಳದಿದ್ದಾಗ ಏನಾಗುತ್ತದೆ ಎಂದಷ್ಟೇ ಹೇಳುತ್ತಿದ್ದೇನೆ.

ನಿಮಗೆ ಬೇಕಿರುವುದು ನೇರ ಉತ್ತರ. ಸಹಾಯ ಮಾಡಬಲ್ಲವರು ಅಲ್ಲಿ ನೀವೊಬ್ಬರೇ ಆಗಿದ್ದರೆ ಸಹಾಯ ಮಾಡಿ. ಚರ್ಚೆ ಬೇಡ. ವೈದ್ಯರು, ರಕ್ಷಣಾ ಸಿಬ್ಬಂದಿ ಬಂದಿದ್ದರೆ ಅವರ ದಾರಿಗೆ ಅಡ್ಡ ಬಾರದೆ ನಿಮ್ಮ ಕೆಲಸ ಮಾಡಿ. ಎಷ್ಟೋ ಸಲ ಎರಡಕ್ಕೂ ಸಮಯ ಇರುತ್ತದೆ. ಒಂದು ಫ್ರೇಮಿಗೆ ಸೆಕೆಂಡಿನ ಒಂದು ಪಾಲು ಸಾಕು. 1972ರ ಜೂನ್ 8ರಂದು ವಿಯೆಟ್ನಾಮಿನ ಟ್ರಾಂಗ್ ಬಾಂಗ್‌ನಲ್ಲಿ ನೇಪಾಮ್ ಎಂಬ ಬೆಂಕಿ ಬಾಂಬ್ ಬಿದ್ದಾಗ ಎಪಿಯ ನಿಕ್ ಊಟ್ ಓಡಿಬರುತ್ತಿದ್ದ ಮಕ್ಕಳ ಫೋಟೊ ತೆಗೆದರು, ಆಮೇಲೆ ಸುಟ್ಟ ಮೈಯ 9 ವರ್ಷದ ಕಿಮ್ ಫುಕ್‌ಳನ್ನು ವ್ಯಾನಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಆ ಪ್ರಸಿದ್ಧ ಫ್ರೇಮ್ ತೆಗೆದದ್ದು ನಿಜಕ್ಕೂ ಅವರೇನಾ ಎಂಬ ಜಗಳ 2025ರಲ್ಲಿ ಎದ್ದಿತು. ವರ್ಲ್ಡ್ ಪ್ರೆಸ್ ಫೋಟೊ ಅದೇ ವರ್ಷ ಅವರ ಹೆಸರನ್ನು ತಡೆಹಿಡಿಯಿತು. ಎಪಿ ಮಾತ್ರ ಹೆಸರು ತೆಗೆಯಲು ಸಾಕಷ್ಟು ಆಧಾರ ಇಲ್ಲ ಎಂದು ಉಳಿಸಿಕೊಂಡಿದೆ. ತೆಗೆದವರು ಯಾರೇ ಇರಲಿ, ಆ ಮಗು ಆಸ್ಪತ್ರೆ ಸೇರಿತಲ್ಲ.

ಮನಸ್ಸಿದ್ದರೂ ಸಹಾಯ ಮಾಡಲು ಗೊತ್ತಿರಬೇಕು. 2011ರ ಏಪ್ರಿಲ್ 20ರಂದು ಲಿಬಿಯಾದ ಮಿಸ್ರಾತಾದಲ್ಲಿ ಯುದ್ಧದ ಫೋಟೊ ತೆಗೆಯುತ್ತಿದ್ದ ಟಿಮ್ ಹೆಥರಿಂಗ್ಟನ್ ಮತ್ತು ಕ್ರಿಸ್ ಹಾಂಡ್ರೋಸ್ ಸತ್ತರು. ಹೆಥರಿಂಗ್ಟನ್ ಆಸ್ಪತ್ರೆ ದಾರಿಯಲ್ಲಿ ರಕ್ತ ಸುರಿದು ತೀರಿಕೊಂಡರು. ಸುತ್ತ ಇದ್ದವರಿಗೆ ರಕ್ತ ನಿಲ್ಲಿಸುವ ಕ್ರಮ ಗೊತ್ತಿದ್ದರೆ ಉಳಿಯುತ್ತಿದ್ದರೇನೋ ಎಂದು ಅವರ ಗೆಳೆಯ ಸೆಬಾಸ್ಟಿಯನ್ ಯಂಗರ್‌ಗೆ ಅನಿಸಿತು. ಅಲ್ಲಿಂದ ಫ್ರೀಲಾನ್ಸ್ ಪತ್ರಕರ್ತರಿಗೆ ಪ್ರಥಮ ಚಿಕಿತ್ಸೆ ಕಲಿಸುವ ರಿಸ್ಕ್ ಎಂಬ ಸಂಸ್ಥೆ ಹುಟ್ಟಿತು. ನೀವು ಯುದ್ಧಕ್ಕೆ ಹೋಗದಿರಬಹುದು. ರಸ್ತೆ ಅಪಘಾತಕ್ಕಂತೂ ಹೋಗಿಯೇ ಹೋಗುತ್ತೀರಿ.

ಫೋಟೊದಲ್ಲಿ ಇರುವವರ ಬಗ್ಗೆ ಒಂದು ಮಾತು. ಲ್ಯಾಂಗ್ ಆ ತಾಯಿಯ ಹೆಸರು ಬರೆದುಕೊಳ್ಳಲಿಲ್ಲ. ಅವರು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಹೊರಜಗತ್ತಿಗೆ ತಿಳಿದದ್ದು 1978ರಲ್ಲಿ. ಅಷ್ಟು ಹೊತ್ತಿಗೆ ಮುಖ ಅಂಚೆಚೀಟಿಯಷ್ಟು ಪರಿಚಿತ, ಅವರಿಗೆ ಸಿಕ್ಕಿದ್ದು ಏನೂ ಇಲ್ಲ. ಆ ಫೋಟೊದ ಬಗ್ಗೆ ಅವರಿಗೆ ಸಿಟ್ಟಿತ್ತು. ತೆಗೆಯುವ ಮುಂಚೆ ಕೇಳಲಾಗದಿದ್ದರೆ ತೆಗೆದ ಮೇಲಾದರೂ ಹೋಗಿ ಮಾತಾಡಿ. ಎಲ್ಲಿ ಬರುತ್ತದೆ ಹೇಳಿ. ಮಕ್ಕಳು, ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು, ಬೆದರಿಕೆಯಲ್ಲಿರುವವರು ಇದ್ದಾಗ ಮುಖ ಕಾಣದ ಫ್ರೇಮನ್ನೇ ಯೋಚಿಸಿ ತೆಗೆಯಿರಿ. ಫೈಲಿನಲ್ಲಿ ಜಿಪಿಎಸ್ ಗುರುತು ಉಳಿದಿದೆಯೇ ಎಂದೂ ನೋಡಿ. ಮುಖ ಮುಚ್ಚಿ ಮನೆ ತೋರಿಸಿದರೆ ಏನು ಬಂತು?

ಇನ್ನು ಹೊಟ್ಟೆಪಾಡು. ಮದುವೆ ಕೆಲಸ ಬಿಡಬೇಡಿ. 2013ರ ಮೇ 30ರಂದು ಷಿಕಾಗೊ ಸನ್-ಟೈಮ್ಸ್ ತನ್ನ 28 ಫೋಟೊಗ್ರಾಫರುಗಳನ್ನೂ ಒಂದೇ ದಿನ ಮನೆಗೆ ಕಳಿಸಿತು. ಅವರಲ್ಲಿ ಪುಲಿಟ್ಜರ್ ಗೆದ್ದ ಜಾನ್ ವೈಟ್ ಕೂಡ ಇದ್ದರು. ವರದಿಗಾರರಿಗೆ ಐಫೋನಿನಲ್ಲಿ ತೆಗೆಯುವ ತರಬೇತಿ ಕೊಟ್ಟರು. ಸಂಬಳದ ಹುದ್ದೆಗಳು ಆಮೇಲೆ ಹೆಚ್ಚೇನೂ ಚಿಗುರಿಲ್ಲ. ಈ ಕೆಲಸದಲ್ಲಿ ಇರುವವರು ಬಹುಪಾಲು ಫ್ರೀಲಾನ್ಸ್, ಸುದ್ದಿಯ ಜೊತೆಗೆ ಇನ್ನೆರಡು ಕೆಲಸ ಇಟ್ಟುಕೊಂಡವರು. ಅದರಲ್ಲಿ ನಾಚಿಕೆ ಏನೂ ಇಲ್ಲ. ಒಂದು ಗೆರೆ ಮಾತ್ರ ದಾಟಬೇಡಿ. ಯಾವ ಪಕ್ಷ, ಕಂಪನಿ ಅಥವಾ ಸಂಸ್ಥೆಯ ಪ್ರಚಾರಕ್ಕೆ ದುಡ್ಡು ತಗೊಂಡಿದ್ದೀರೋ ಅವರ ಸುದ್ದಿ ಫೋಟೊ ಒಪ್ಪಿಕೊಳ್ಳಬೇಡಿ. ಒಪ್ಪಲೇಬೇಕಾದರೆ ಡೆಸ್ಕಿಗೆ ಮೊದಲೇ ಹೇಳಿ.

ಮದುವೆ ಕೆಲಸ ನಿಮಗೆ ಕಲಿಸಿದ್ದೂ ಕಡಿಮೆ ಅಲ್ಲ. ಕೆಟ್ಟ ಬೆಳಕು, ನೂಕುನುಗ್ಗಲು, ಮುಂದೇನಾಗುತ್ತದೆ ಎಂಬ ಅಂದಾಜು. ತಾಳಿ ಕಟ್ಟುವ ಕ್ಷಣ ತಪ್ಪಿಸಿಕೊಳ್ಳದವರಿಗೆ ಲಾಠಿ ಏಳುವ ಕ್ಷಣವೂ ಸಿಗುತ್ತದೆ. ಚರ್ಮ ನುಣುಪು ಮಾಡುವ ಚಟ ಮಾತ್ರ ಅಲ್ಲೇ ಬಿಟ್ಟು ಬನ್ನಿ.

ಕರಾರಿಗೆ ಸಹಿ ಹಾಕುವ ಮುಂಚೆ ಕಾಪಿರೈಟ್ ಯಾರದು ಎಂದು ಓದಿ. 1947ರಲ್ಲಿ ರಾಬರ್ಟ್ ಕಾಪಾ, ಕಾರ್ಟಿಯೆ-ಬ್ರೆಸಾನ್, ಜಾರ್ಜ್ ರಾಡ್ಜರ್, ಡೇವಿಡ್ ಸೆಮೋರ್ ಮೊದಲಾದ ಫೋಟೊಗ್ರಾಫರುಗಳು ಸೇರಿ ಮ್ಯಾಗ್ನಮ್ ಎಂಬ ತಮ್ಮದೇ ಸಂಸ್ಥೆ ಕಟ್ಟಿದ್ದರ ಹಿಂದಿನ ದೊಡ್ಡ ಕಾರಣ ಅದೇ. ಫೋಟೊ ಪತ್ರಿಕೆಯದ್ದಲ್ಲ, ತೆಗೆದವರದ್ದು ಎಂಬ ಪಟ್ಟು. ಒಮ್ಮೆ ಬಳಸಲು ಕೊಡುವುದು ಬೇರೆ, ಶಾಶ್ವತವಾಗಿ ಬರೆದುಕೊಡುವುದು ಬೇರೆ. ಎರಡನೆಯದಕ್ಕೆ ಬೆಲೆಯೂ ಬೇರೆ ಇರಬೇಕು.

ಫೋನ್ ಮತ್ತು ಎಐ ಬಗ್ಗೆ ನಿಮ್ಮ ಭಯ ಅರ್ಧ ಸರಿ. ಘಟನೆಯ ಮೊದಲ ಫೋಟೊ ಇನ್ನು ಮುಂದೆ ನಿಮ್ಮದಾಗುವುದಿಲ್ಲ, ಅಲ್ಲೇ ನಿಂತಿದ್ದ ಯಾರದೋ ಫೋನಿನದು. ಚಂದದ ಚಿತ್ರ ಬೇಕಾದವರು ಎಐಯಲ್ಲಿ ಮಾಡಿಕೊಳ್ಳುತ್ತಾರೆ. 2023ರಲ್ಲಿ ಬೋರಿಸ್ ಎಲ್ಡಾಗ್ಸೆನ್ ಎಐ ಚಿತ್ರವೊಂದನ್ನು ಸೋನಿ ಫೋಟೊ ಪ್ರಶಸ್ತಿಗೆ ಕಳಿಸಿ, ಗೆದ್ದು, ಬಹುಮಾನ ಬೇಡ ಎಂದರು. ಹಾಗಾದರೆ ನಿಮ್ಮ ಹತ್ತಿರ ಮಾರಲು ಉಳಿದಿರುವುದೇನು? ‘ನಾನು ಅಲ್ಲಿದ್ದೆ, ಇದು ಹೀಗೇ ಇತ್ತು, ಯಾರು ಕೇಳಿದರೂ ತೋರಿಸುತ್ತೇನೆ’ ಎಂಬ ಸಾಕ್ಷಿ. 2024ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಅರಮನೆ ಬಿಡುಗಡೆ ಮಾಡಿದ ರಾಜಕುಮಾರಿ ಕೇಟ್ ಮತ್ತು ಮಕ್ಕಳ ಫೋಟೊದಲ್ಲಿ ಒಂದು ಮಗುವಿನ ತೋಳಿನ ಅಂಚು ಹೊಂದುತ್ತಿರಲಿಲ್ಲ. ಫೋಟೊ ತಿದ್ದಿದ್ದಾರೆಂದು ಎಪಿ, ಎಎಫ್‌ಪಿ, ರಾಯಿಟರ್ಸ್, ಗೆಟ್ಟಿ ಸಂಸ್ಥೆಗಳೆಲ್ಲ ಅದನ್ನು ವಾಪಸ್ ಪಡೆದವು. ಅರಮನೆಗೇ ಇಲ್ಲದ ರಿಯಾಯಿತಿ ಪ್ರತಿಭಟನೆಯ ಕೈಗೆ ಸಿಗುತ್ತದೆಯೇ?

ಒಂದು ಸುಳ್ಳು ಉಳಿದದ್ದನ್ನೆಲ್ಲ ಎಳೆದುಕೊಂಡು ಹೋಗುತ್ತದೆ. 2006ರಲ್ಲಿ ಬೈರೂತ್‌ನ ಬಾಂಬ್ ದಾಳಿಯ ಹೊಗೆಯನ್ನು ದಟ್ಟ ಮಾಡಿ ಕಳಿಸಿದ ಫೋಟೊಗ್ರಾಫರ್ ಅದ್ನಾನ್ ಹಜ್ ಅವರ 920 ಫೋಟೊಗಳನ್ನು ರಾಯಿಟರ್ಸ್ ತನ್ನ ಸಂಗ್ರಹದಿಂದಲೇ ತೆಗೆಯಿತು. ಅವುಗಳಲ್ಲಿ ಎಷ್ಟೋ ಸಾಚಾ ಇದ್ದಿರಬಹುದು.

ಈಗ ಕೆಲವು ಕ್ಯಾಮೆರಾಗಳು ತೆಗೆದ ಕ್ಷಣದಲ್ಲೇ ಫೈಲಿಗೆ ಡಿಜಿಟಲ್ ಸಹಿ ಹಾಕುತ್ತವೆ. ಸಿ2ಪಿಎ ಎಂಬ ಮಾನದಂಡ ಅದು. 2023ರಲ್ಲಿ ಬಂದ ಲೈಕಾ ಎಂ11-ಪಿ ಈ ಸೌಲಭ್ಯದ ಮೊದಲ ಕ್ಯಾಮೆರಾ. ಒಳ್ಳೆಯದೇ. ಆದರೆ ಆ ಸಹಿ ಫೈಲಿಗೆ ಆಮೇಲೆ ಏನಾಯಿತು ಎಂದು ಹೇಳುತ್ತದೆ, ನೀವು ಜನರನ್ನು ಎಬ್ಬಿಸಿ ಕೂಗಿಸಿದಿರಾ ಎಂದು ಹೇಳುವುದಿಲ್ಲ. ಅನುಮಾನ ಬಂದ ಸಂಪಾದಕರು ಕೇಳುವುದು ಒಂದೇ: ಆ ಫ್ರೇಮಿನ ಹಿಂದಿನದು, ಮುಂದಿನದು ಕಳಿಸಿ. 2017ರಲ್ಲಿ ಬಯಲಾದ ಎಡುವಾರ್ಡೊ ಮಾರ್ಟಿನ್ಸ್ ಎಂಬ ‘ಯುದ್ಧ ಫೋಟೊಗ್ರಾಫರ್’ ಇನ್ನೊಬ್ಬರ ಫೋಟೊ ಕದ್ದು ಇನ್‌ಸ್ಟಾಗ್ರಾಂನಲ್ಲಿ ಲಕ್ಷಕ್ಕೂ ಹೆಚ್ಚು ಜನರನ್ನು ನಂಬಿಸಿದ್ದ. ಹಿಂದಿನ ಮುಂದಿನ ಫ್ರೇಮ್ ಯಾರಾದರೂ ಕೇಳಿದ್ದರೆ ಆತನ ಬಳಿ ಒಂದೂ ಇರುತ್ತಿರಲಿಲ್ಲ. ಹಾಗಾಗಿ ಇಡೀ ಸಾಲು ಉಳಿಸಿ, ಕೆಟ್ಟವನ್ನೂ ಅಳಿಸಬೇಡಿ. ಮೂಲ ಫೈಲ್ ಎರಡು ಕಡೆ ಇರಲಿ.

ಕ್ಯಾಮೆರಾ? ಹೊಸದು ಬೇಡ. ಮದುವೆಗೆ ಒಯ್ಯುವುದೇ ಸಾಕು. ಎರಡು ಕಾರ್ಡ್ ಹಾಕುವ ಜಾಗ ಇದ್ದರೆ ಎರಡಕ್ಕೂ ಒಟ್ಟಿಗೆ ಬರೆಸಿ. 35 ಎಂಎಂ ಅಥವಾ ಅದಕ್ಕೆ ಹತ್ತಿರದ ಲೆನ್ಸ್ ಇಟ್ಟುಕೊಳ್ಳಿ, ಹತ್ತಿರ ಹೋಗದೆ ಅದು ಕೆಲಸ ಮಾಡುವುದಿಲ್ಲ, ಹತ್ತಿರ ಹೋದರೆ ಮಾತಾಡಲೇಬೇಕಾಗುತ್ತದೆ. ಉಳಿದ ದುಡ್ಡಿನಲ್ಲಿ ಒಂದು ಹಾರ್ಡ್ ಡಿಸ್ಕ್ ಕೊಂಡು, ಪ್ರಥಮ ಚಿಕಿತ್ಸೆಯ ತರಬೇತಿಗೆ ಸೇರಿ. ಜೊತೆಗೆ ಕ್ಯಾಮೆರಾದ ಗಡಿಯಾರ ಸರಿಯಾಗಿದೆಯೇ ನೋಡಿ. ಎಷ್ಟೋ ಜನರದ್ದು ಕೊಂಡ ದಿನದಿಂದ ತಪ್ಪೇ ಇರುತ್ತದೆ.